ಉಗಾಂಡದ ಕಹಿ ಎಲೆಗೆ ನಾನು ಬರೆದುಕೊಟ್ಟ ಸೋಲು

ನನ್ನ ಮಾಮ ದಿನಾ ಬೆಳಿಗ್ಗೆ ಒಂದು ಗಿಡಕ್ಕೆ ಸಲಾಂ ಹೇಳುತ್ತಾರೆ. ಗಿಡ ವಾಪಸು ಸಲಾಂ ಹೇಳುವುದಿಲ್ಲ ಎಂಬುದು ನನ್ನ ವಾದ. ಹೇಳುತ್ತದೆ, ಆದರೆ ನನ್ನಂಥವರು ಹತ್ತಿರ ನಿಂತಿದ್ದರೆ ಬಾಯಿ ಬಿಡುವುದಿಲ್ಲ ಎಂಬುದು ಅವರ ವಾದ. ಎರಡು ವರ್ಷದಿಂದ ನಡೆಯುತ್ತಿರುವ ಈ ಮೊಕದ್ದಮೆಯಲ್ಲಿ ಇನ್ನೂ ತೀರ್ಪು ಬಂದಿಲ್ಲ. ಗಿಡವನ್ನೇ ಸಾಕ್ಷಿಯಾಗಿ ಕರೆಯೋಣವೆಂದರೆ ಅದು ಅವರ ಕಡೆಯದು.

ಮೊದಲೇ ಹೇಳಿಬಿಡುತ್ತೇನೆ: ವಾದ ಮಾಡುವುದು ನನ್ನ ಚಟವಲ್ಲ, ತರಬೇತಿ. ಅಬುಧಾಬಿಯ ಇಂಡಿಯನ್ ಸ್ಕೂಲಿನಲ್ಲಿ ಆರನೇ ಕ್ಲಾಸಿನಿಂದ ಹನ್ನೆರಡರವರೆಗೂ ಚರ್ಚಾ ತಂಡದಲ್ಲಿದ್ದೆ. ಮೊಬೈಲು ಮಕ್ಕಳಿಗೆ ಒಳ್ಳೆಯದು ಎಂದು ಬೆಳಿಗ್ಗೆ ಒಂದು ಕಪ್ಪು ಗೆದ್ದು, ಅದೇ ಮೊಬೈಲು ಮಕ್ಕಳಿಗೆ ಕೆಟ್ಟದ್ದು ಎಂದು ಸಂಜೆ ಇನ್ನೊಂದು ಕಪ್ಪು ಗೆದ್ದವಳು. ಈಗ ಒಂದು ವಿಮೆ ಕಂಪನಿಯಲ್ಲಿ ಕುಳಿತು ಜನರ ಆಸ್ಪತ್ರೆ ಕಾಗದಗಳನ್ನು ಓದಿ ‘ಇದಕ್ಕೆ ಪುರಾವೆ ಎಲ್ಲಿ?’ ಎಂದು ಕೇಳುತ್ತೇನೆ. ಸಂಶಯಪಡುವುದಕ್ಕೆ ಸಂಬಳ ಕೊಡುವ ಕೆಲಸ ಎಷ್ಟು ಜನರಿಗೆ ಸಿಗುತ್ತದೆ ಹೇಳಿ?

ಆದರೆ ನನ್ನ ಮೊಟ್ಟಮೊದಲ ಗೆಲುವು ಶಾಲೆಯ ಕಪ್ಪುಗಳಿಗಿಂತ ಹಿಂದಿನದು. ಸೋತವರು ಇದೇ ಮಾಮ.

ಆಗ ನನಗೆ ಎಂಟು ವರ್ಷ. ಆ ಸಲ ರಂಜಾನ್ ಆಗಸ್ಟ್ ತಿಂಗಳಲ್ಲಿ ಬಂದಿತ್ತು. ಆಗಸ್ಟಿನ ಅಬುಧಾಬಿ ಎಂದರೆ ಬಾಗಿಲು ತೆರೆದರೆ ತಂದೂರಿ ಒಲೆಯೊಳಗೆ ತಲೆ ಹಾಕಿದ ಹಾಗೆ. ಉಪವಾಸಕ್ಕೆ ನಮ್ಮ ಬ್ಯಾರಿ ಮಾತಿನಲ್ಲಿ ನೋಂಬು ಎನ್ನುತ್ತೇವೆ. ಮಕ್ಕಳಿಗೆ ಅದು ಕಡ್ಡಾಯವಲ್ಲ. ಆದರೂ ನಾನು ಹಟ ಹಿಡಿದು ನೋಂಬು ಹಿಡಿದೆ. ಹಿಡಿದದ್ದು ಮಾತ್ರವಲ್ಲ, ಮಾಮನಿಗೆ ಸವಾಲೂ ಹಾಕಿದೆ: ಇಬ್ಬರಲ್ಲಿ ಯಾರು ಮೊದಲು ಸೋಲುತ್ತಾರೆ ನೋಡೋಣ. ನಾಲ್ಕು ಗಂಟೆಗೆ ನನ್ನ ತುಟಿ ಒಣಗಿ ಕಾಗದವಾಗಿತ್ತು, ಗೋಡೆ ಸ್ವಲ್ಪ ಸ್ವಲ್ಪ ತಿರುಗುತ್ತಿತ್ತು. ಉಮ್ಮ, ಅಂದರೆ ನನ್ನ ಅಮ್ಮ, ನೀರು ಹಿಡಿದು ಬೇಡಿಕೊಂಡರು, ಮಾಮಿ ಐಸ್‌ಕ್ರೀಂ ತೋರಿಸಿದರು. ನಾನು ಜಗ್ಗಲಿಲ್ಲ. ಮಾಮ ಕುಡಿದರೆ ಮಾತ್ರ ನಾನು ಕುಡಿಯುವುದು. ಅಷ್ಟರಲ್ಲಿ ಸೋಫಾದ ಮೇಲೆ ಮಲಗಿದ್ದ ಮಾಮ ದಡಕ್ಕನೆ ಎದ್ದರು. "ನನ್ನಿಂದ ಆಗುದಿಲ್ಲ ಮಾರಾಯ್ತಿ. ನಾನು ಸೋತೆ," ಎಂದವರೇ ಫ್ರಿಜ್ಜಿನ ಬಾಗಿಲು ತೆರೆದು, ನನಗೆ ಬೆನ್ನು ಹಾಕಿ, ಸ್ಟೀಲ್ ಲೋಟ ಎತ್ತಿ ಗಟಗಟ ಕುಡಿದರು. ವಿಜಯೋತ್ಸವವಾಗಿ ನಾನು ಮೂರು ಲೋಟ ಕುಡಿದೆ.

ಈ ಕತೆಯನ್ನು ನಾನು ಮದುವೆ ಮನೆಗಳಲ್ಲಿ, ಪಿಕ್ನಿಕ್ಕುಗಳಲ್ಲಿ, ಒಮ್ಮೆ ನೌಕರಿಯ ಸಂದರ್ಶನದಲ್ಲೂ ಹೇಳಿದ್ದೇನೆ. ಮಾಮ ಎದುರಿಗಿದ್ದರೆ ತಲೆಯಾಡಿಸಿ, "ಹೌದು, ಸೋತದ್ದು ಹೌದು," ಎನ್ನುತ್ತಾರೆ. ಎದುರಾಳಿಯೇ ಒಪ್ಪಿಕೊಂಡ ಮೇಲೆ ಇನ್ನೆಂಥ ಪುರಾವೆ ಬೇಕು?

ಇನ್ನು ಗಿಡದ ವಿಷಯ. ಮಾಮ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಆ ಗೋದಾಮಿನ ಗೇಟಿನಲ್ಲಿ ಮೂಸಾ ಎಂಬ ಸೆಕ್ಯುರಿಟಿ ಗಾರ್ಡ್ ಇದ್ದಾನೆ, ಉಗಾಂಡದವನು, ಗೇಟಿನಷ್ಟೇ ಎತ್ತರ. ಮಾಮನನ್ನು ‘ಮುಝೀ’ ಎಂದು ಕರೆಯುತ್ತಾನೆ. ಅವರ ಕಡೆ ಹಿರಿಯರಿಗೆ ಕೊಡುವ ಮರ್ಯಾದೆಯಂತೆ. ಎರಡು ವರ್ಷದ ಹಿಂದೆ ಮಾಮನಿಗೆ ಬಿಡದ ಕೆಮ್ಮು ಹಿಡಿದಾಗ ಮೂಸಾ ತನ್ನ ಗೇಟುಕೋಣೆಯ ಹಿಂದೆ ಬೆಳೆಸಿದ್ದ ಪೊದೆಯಿಂದ ಮೂರು ಎಲೆ ಕಿತ್ತು ಕೊಟ್ಟ. ಅವನ ಊರಿನಲ್ಲಿ ಅದಕ್ಕೆ ಮುಲುಲೂಜ ಎಂದು ಹೆಸರು. ಜ್ವರಕ್ಕೆ, ಹೊಟ್ಟೆನೋವಿಗೆ, ಹುಳಕ್ಕೆ, ಅವನ ಅಜ್ಜಿ ಅದನ್ನೇ ಕೊಡುತ್ತಿದ್ದಳಂತೆ. ಮಾಮ ಜಗಿದರು. ಒಂದು ವಾರದಲ್ಲಿ ಕೆಮ್ಮು ಹೋಯಿತು.

ಕೆಮ್ಮು ಹೋದ ದಿನ ಸಂಜೆ ಮಾಮಿ ತೊಳೆಯಲೆಂದು ಚಹಾದ ಫ್ಲಾಸ್ಕ್ ತೆರೆದರೆ ಒಳಗೆ ನೀರಿನಲ್ಲಿ ಒಂದು ಕಡ್ಡಿ ನಿಂತಿತ್ತು.

"ಇದೆಂತದು?"

"ಔಷಧಿ."

"ಯಾರಿಗೆ?"

"ಬೆಳೀಲಿ ಮೊದಲು. ಆಮೇಲೆ ನೋಡುವ ಯಾರಿಗೆ ಅಂತ."

ಯಾರಿಗೆ ಎಂಬುದು ಬೇಗನೆ ಗೊತ್ತಾಯಿತು. ಎಲ್ಲರಿಗೆ.

ನಾವೆಲ್ಲ ಇರುವುದು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದಲ್ಲಿ. ಕೆಳಗೆ ಮಾಮ ಮಾಮಿ, ಮೇಲೆ ನಾವು. ಅಂಗಳದಲ್ಲಿ ಎರಡು ಕಾರು ನಿಂತ ಮೇಲೆ ಉಳಿಯುವ ಚಾಪೆಯಷ್ಟು ಮಣ್ಣಿನಲ್ಲಿ ಕಡ್ಡಿಯನ್ನು ನೆಟ್ಟರು. ಅದಕ್ಕೆ ಕೊಳಾಯಿ ನೀರು ಆಗದು ಎಂದು ಮಾಮನ ಸಂಶೋಧನೆ. ‘ಸಮುದ್ರದ ನೀರು ಸೋಸಿದ್ದನ್ನು ಕುಡಿದು ನಮ್ಮ ಕೂದಲೇ ಉದುರಿತು, ಇನ್ನು ಅದರ ಎಲೆ ಉಳೀತದಾ?’ ಹಾಗಾಗಿ ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟರು. ಬೇಸಿಗೆಯಲ್ಲಿ ಸರಿ, ಬಕೆಟ್ ತುಂಬುತ್ತಿತ್ತು. ಜನವರಿಯಲ್ಲಿ? ಊರೆಲ್ಲ ಎಸಿ ಆರಿಸಿ ಕಿಟಕಿ ತೆರೆದು ಕೂತಿದ್ದರೆ, ನಮ್ಮ ಮಾಮ ಹದಿನೆಂಟು ಡಿಗ್ರಿಗೆ ಎಸಿ ಹಾಕಿ, ಮಾಮಿಗೆ ಕಂಬಳಿ ಹೊದಿಸಿ, ಹೊರಗೆ ಬಕೆಟ್ಟಿನ ಮುಂದೆ ಕುಳಿತು ತೊಟ್ಟು ಎಣಿಸುತ್ತಿದ್ದರು. "ನನಗೆ ಶೀತ ಆಗ್ತದೆ," ಎಂದು ಮಾಮಿ ಒಳಗಿನಿಂದ ಕೂಗಿದರೆ, "ಆಗಲಿ, ಅದಕ್ಕೂ ಇದೇ ಮದ್ದು," ಎಂದು ಹೊರಗಿನಿಂದ ಉತ್ತರ.

ಗಿಡ ಬೆಳೆಯಿತು. ನನ್ನ ಎತ್ತರ ದಾಟಿತು. ಒಂದು ದಿನ ನನ್ನ ಕೈಗೂ ಹಸಿರು ಲೋಟ ಬಂತು.

ಆ ಕಹಿಯನ್ನು ಹೇಗೆ ಹೇಳಲಿ? ಹಾಗಲಕಾಯಿ ಅದರ ಮುಂದೆ ಮೈಸೂರುಪಾಕು. ನಾಲಿಗೆಗೆ ತಾಗಿದ್ದು ಕ್ಷಣವೇ ಆದರೂ ಕಿವಿಯ ಹಿಂಭಾಗದವರೆಗೆ ಹೋಗಿ, ಅಲ್ಲಿ ಬಾಡಿಗೆಗೆ ಮನೆ ಹಿಡಿದು, ಮೂರು ದಿನ ಇರುತ್ತದೆ. ಮೂಸಾನ ಊರಿನವರು ಎಲೆಯನ್ನು ಹಿಸುಕಿ, ಎರಡು ಮೂರು ನೀರಿನಲ್ಲಿ ತೊಳೆದು, ಕಹಿ ಇಳಿಸಿ ತಿನ್ನುತ್ತಾರಂತೆ. ಅವನು ಮಾಮನಿಗೂ ಹಾಗೇ ಹೇಳಿದ್ದ. "ಸ್ಮಾಲ್ ಸ್ಮಾಲ್, ಮುಝೀ. ತ್ರೀ ಲೀಫ್. ವಾಶ್, ವಾಶ್." ಮಾಮ ತೊಳೆಯಲಿಲ್ಲ. ಕಹಿ ಹೋದರೆ ಮದ್ದು ಹೋಯಿತು ಎಂಬುದು ಅವರ ಸಿದ್ಧಾಂತ. ಮೂರು ಎಲೆಯ ಲೆಕ್ಕವನ್ನೂ ತಿದ್ದಿದರು. "ಮೂರು ಅವನ ವಯಸ್ಸಿಗೆ. ನನ್ನ ವಯಸ್ಸಿಗೆ ಒಂಬತ್ತು."

ಅಲ್ಲಿಂದ ನಮ್ಮಿಬ್ಬರ ಚರ್ಚಾಸ್ಪರ್ಧೆ ಶುರು.

"ಮಾಮ, ಕೆಮ್ಮು ಒಂದು ವಾರದಲ್ಲಿ ತಾನಾಗಿಯೇ ಹೋಗುತ್ತದೆ."

"ಹೋಗ್ತದೆ. ದಾರಿ ತೋರಿಸಿದ್ದು ಯಾರು?"

"ಎಲೆ ತಿಂದ ಮೇಲೆ ಹೋಯಿತು ಎಂದರೆ ಎಲೆಯಿಂದ ಹೋಯಿತು ಎಂದಾಗುವುದಿಲ್ಲ."

"ನೀನು ಹುಟ್ಟಿದ ಮೇಲೆ ನನ್ನ ತಲೆನೋವು ಶುರುವಾಯ್ತು. ನಿನ್ನಿಂದ ಅಲ್ಲ ಹೇಳ್ತೀಯಾ?"

ತೀರ್ಪುಗಾರರ ಸ್ಥಾನದಲ್ಲಿ ಮಾಮಿ ಕುಳಿತು ಬಟಾಣಿ ಸುಲಿಯುತ್ತಿದ್ದರು. ಅಂಕಗಳು ಯಾವಾಗಲೂ ಮಾಮನಿಗೇ ಹೋಗುತ್ತಿದ್ದವು. ಮಾಮಿಯ ಮೊಣಕಾಲು, ಪಕ್ಕದ ವಿಲ್ಲಾದ ಬೆಕ್ಕಿನ ಕಣ್ಣು, ನನ್ನ ಉಮ್ಮನ ಆಸಿಡಿಟಿ, ಎಲ್ಲದಕ್ಕೂ ಮುಲುಲೂಜ. ಒಮ್ಮೆ ಕಾರು ಸ್ಟಾರ್ಟ್ ಆಗದಿದ್ದಾಗ ಮಾಮ ಬಾನೆಟ್ ಎತ್ತಿ ಒಂದು ಕ್ಷಣ ಗಿಡದ ಕಡೆ ನೋಡಿದ್ದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೇನೆ.

ಈ ಎಲೆ ಒಂದೇ ಒಂದು ಸಲ ನನಗೆ ಉಪಕಾರ ಮಾಡಿತು ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ರುವೈಸಿನಲ್ಲಿ ಕೆಲಸ ಮಾಡುವ ಒಬ್ಬ ಎಂಜಿನಿಯರ್ ತನ್ನ ತಾಯಿಯೊಡನೆ ನನ್ನನ್ನು ನೋಡಲು ಬಂದಿದ್ದ. ಚಂದದ ಹುಡುಗ, ಇಸ್ತ್ರಿ ಮಾಡಿದ ನಗು. ಮಾಮಿ ಬಾದಾಮಿ ಹಾಲು ತರುವ ಮೊದಲೇ ಮಾಮ ಹಸಿರು ಲೋಟ ತಂದು ಅವನ ಮುಂದೆ ಇಟ್ಟರು. ಹುಡುಗ ಒಂದೇ ಗುಟುಕಿಗೆ ಮುಗಿಸಿದ. ಅವನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಆದರೂ, "ತುಂಬಾ ಚೆನ್ನಾಗಿದೆ ಅಂಕಲ್, ಇನ್ನೊಂದು ಸಿಗಬಹುದಾ?" ಎಂದ.

ಅವರು ಹೋದ ಮೇಲೆ ಮಾಮ ಬಾಗಿಲು ಹಾಕಿ, "ಇದು ಬೇಡ," ಎಂದರು.

"ಯಾಕೆ? ಎಷ್ಟು ಮರ್ಯಾದೆಯ ಹುಡುಗ," ಎಂದರು ಉಮ್ಮ.

"ಇದನ್ನು ಕುಡಿದು ಚೆನ್ನಾಗಿದೆ ಹೇಳುವವನು ನಾಳೆ ಇವಳಿಗೆ ಎಂತೆಂತ ಹೇಳಲಿಕ್ಕಿಲ್ಲ? ಇವಳು ಮೊದಲ ದಿನ ನನ್ನ ಎದುರೇ ಉಗುಳಿದ್ದಾಳೆ. ಇವಳಿಗೆ ಉಗುಳುವವನೇ ಸರಿ."

ಮಾಮನ ಜೀವನದಲ್ಲಿ ನನಗೆ ಒಪ್ಪಿಗೆಯಾದ ಏಕೈಕ ವೈಜ್ಞಾನಿಕ ಪರೀಕ್ಷೆ ಅದು.

ಈ ತಮಾಷೆ ಹೀಗೇ ನಡೆಯುತ್ತಿತ್ತು. ಕಳೆದ ವರ್ಷದ ಕೊನೆಯಲ್ಲಿ ಮಾಮನ ಸಕ್ಕರೆ ಕಾಯಿಲೆ ಕೈಮೀರಿತು. ನಾನೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಕಾಸರಗೋಡಿನವರು, ಕನ್ನಡ ಬಲ್ಲವರು, ಕಡಿಮೆ ಮಾತಿನವರು. ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯ ಕಾಗದವನ್ನು ಮಾಮನ ಕಡೆ ತಿರುಗಿಸಿದರು. ಏಳರ ಆಸುಪಾಸಿನಲ್ಲಿ ಇರಬೇಕಾದದ್ದು ಒಂಬತ್ತೂವರೆಯ ಹತ್ತಿರ ಇತ್ತು.

"ಇದು ಇಷ್ಟೇ ಇದ್ದರೆ ಈ ಸಲ ನೋಂಬು ಬೇಡ. ಅನುಮತಿ ಇಲ್ಲ."

ಮಾಮ ವಾದ ಮಾಡಲಿಲ್ಲ ಎಂಬುದನ್ನು ಗಮನಿಸಿ. ಕಾರಿನಲ್ಲಿ, ಮನೆಯ ತಿರುವು ಬಂದಾಗ, "ಮೂವತ್ತೊಂದು ರಂಜಾನ್ ಆಯ್ತು ಇಲ್ಲಿ. ಒಂದು ನೋಂಬು ಬಿಟ್ಟದ್ದಿಲ್ಲ," ಎಂದರು.

ಅದು ಜಂಬವಲ್ಲ. ಮಾಮ ಈ ದೇಶಕ್ಕೆ ಬಂದಾಗ ಜೆಬೆಲ್ ಅಲಿಯ ಲೇಬರ್ ಕ್ಯಾಂಪಿನಲ್ಲಿ ಒಂದು ಕೋಣೆಗೆ ಎಂಟು ಜನ. ಅಲ್ಲಿ ಕಳೆದ ಮೊದಲ ರಂಜಾನಿನಿಂದ ಇವತ್ತಿನವರೆಗೂ ಗೋದಾಮಿನ ಗೇಟಿನ ಹೊರಗೆ ಕಂಪನಿ ಬಸ್ಸಿಗೆ ಕಾಯುವ ಕೆಲಸಗಾರರಿಗೆ ಇಫ್ತಾರಿನ ಪೊಟ್ಟಣ ಹಂಚುವುದು ಅವರೇ. ಬಾಂಗಿನ ಹೊತ್ತಿಗೆ ಸರಿಯಾಗಿ ಕೊನೆಯ ಪೊಟ್ಟಣ ಕೊಟ್ಟು, ಆಮೇಲೆ ತಮ್ಮ ಖರ್ಜೂರ ಬಾಯಿಗೆ. ಹೊಟ್ಟೆ ತುಂಬಿದವನು ಅಲ್ಲಿ ನಿಂತು ಹಂಚುವುದು ಅವರಿಗೆ ಆಗದ ಮಾತು. ಆ ದಿನ ಕಾರಿನಿಂದ ಇಳಿದದ್ದೇ ನಾನು ಮೇಲಿನ ನಮ್ಮ ಮನೆಗೆ ಹೋಗಿ ಒಂದು ಕಾಗದ ತೆಗೆದುಕೊಂಡು ಬಂದೆ.

"ಮಾಮ, ರಂಜಾನಿಗೆ ಇನ್ನು ಮೂರು ತಿಂಗಳಿದೆ. ಅಷ್ಟರಲ್ಲಿ ಆ ನಂಬರು ಇಳಿಸೋಣ. ಷರತ್ತು ನನ್ನದು."

ಷರತ್ತುಗಳು: ಗುಳಿಗೆ ತಪ್ಪಿಸುವ ಹಾಗಿಲ್ಲ. ಸಂಜೆ ಒಂದು ಗಂಟೆ ನಡಿಗೆ. ಕಡಕ್ ಚಹಾದ ಸಕ್ಕರೆ ಖಲಾಸ್. ಪರೋಟ ವಾರಕ್ಕೊಂದು. ಮಾಮ ಓದಿ, ಪೆನ್ನು ಕೇಳಿ, ಕೊನೆಗೆ ತಾವೇ ಒಂದು ಸಾಲು ಸೇರಿಸಿದರು: ಬೆಳಿಗ್ಗೆ ಒಂಬತ್ತು ಎಲೆ.

ನಾನು ಆಕ್ಷೇಪಿಸಲಿಲ್ಲ. ಯಾಕೆ ಆಕ್ಷೇಪಿಸಲಿ? ಆ ಎಲೆ ಏನೂ ಮಾಡುವುದಿಲ್ಲ ಎಂದು ಎರಡು ವರ್ಷ ವಾದಿಸಿದವಳು ನಾನು. ಏನೂ ಮಾಡದ್ದು ಕೆಟ್ಟದ್ದನ್ನಾದರೂ ಹೇಗೆ ಮಾಡೀತು?

ಮೂರು ತಿಂಗಳು ಮಾಮ ನಡೆದರು. ಕಾಲುದಾರಿಯಲ್ಲಿ, ಪಾರ್ಕಿನಲ್ಲಿ, ಲುಲು ಹೈಪರ್‌ಮಾರ್ಕೆಟ್ಟಿನ ಒಳಗೆ ಅಕ್ಕಿ ವಿಭಾಗದಿಂದ ಮೀನಿನ ವಿಭಾಗಕ್ಕೆ. ಸಕ್ಕರೆ ಇಲ್ಲದ ಚಹಾವನ್ನು ಶತ್ರುವಿನ ಹಾಗೆ ನೋಡಿ ಕುಡಿದರು. ರಂಜಾನಿಗೆ ಒಂದು ವಾರ ಇದ್ದಾಗ ಮತ್ತೆ ರಕ್ತಪರೀಕ್ಷೆ. ಏಳು ಪಾಯಿಂಟ್ ಮೂರು.

ಡಾಕ್ಟರಮ್ಮ ಕಾಗದವನ್ನು ಎರಡು ಸಲ ನೋಡಿದರು. ಅವರ ತುಟಿಯಲ್ಲಿ ನಗುವಿನ ಆರಂಭ ಕಂಡಿತು, ಅಷ್ಟಕ್ಕೇ ನಿಂತಿತು.

"ಗುಳಿಗೆ, ನಡಿಗೆ, ಪಥ್ಯ. ಇದಲ್ಲದೆ ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ?"

ಮಾಮ ನನ್ನನ್ನು ನೋಡಿದರು. ನಾನು ಮಾಮನನ್ನು ನೋಡಿದೆ. "ಏನೂ ಇಲ್ಲ," ಎಂದೆವು, ಒಟ್ಟಿಗೆ.

ನಮ್ಮ ಜೀವಮಾನದಲ್ಲಿ ನಾವಿಬ್ಬರೂ ಒಂದೇ ಪಕ್ಷದಲ್ಲಿ ಮಾತಾಡಿದ್ದು ಅದೊಂದೇ ಸಲ. ಕಾರಣ ಮಾತ್ರ ಉಲ್ಟಾ. ಎಲೆ ಅಷ್ಟು ಬಲಶಾಲಿ, ಹೇಳಿದರೆ ನಿಲ್ಲಿಸಿಬಿಡುತ್ತಾರೆ ಎಂದು ಅವರು ಬಾಯಿ ಮುಚ್ಚಿದರು. ಎಲೆ ಹೇಳುವಷ್ಟರದ್ದೇ ಅಲ್ಲ ಎಂದು ನಾನು. ದಿನಾ ಎಂಟು ಗಂಟೆ ಬೇರೆಯವರ ಕಾಗದಗಳಲ್ಲಿ ‘ಇದನ್ನು ಯಾಕೆ ತಿಳಿಸಿಲ್ಲ?’ ಎಂದು ಕೆಂಪು ಗೀಟು ಎಳೆಯುವವಳು ನಾನು. ಓದುಗರು ಈಗ ನಗಬಹುದು.

ಅನುಮತಿ ಸಿಕ್ಕಿತು, ಷರತ್ತಿನೊಂದಿಗೆ. ಗುಳಿಗೆಯ ಹೊತ್ತು ಬದಲಾಯಿಸಿದರು, ಬೆರಳು ಚುಚ್ಚಿ ನೋಡುವ ಮೀಟರ್ ಕೊಟ್ಟರು. "ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ಆ ಕ್ಷಣವೇ ನೋಂಬು ಬಿಡಬೇಕು. ಐದು ನಿಮಿಷ ಬಾಕಿ ಇದ್ದರೂ. ಒಪ್ಪಿಗೆಯಾ?" ಮಾಮ ಒಪ್ಪಿದರು. ಕಾರಿಗೆ ಬರುವವರೆಗೂ ಕಾಯಲಿಲ್ಲ, ಲಿಫ್ಟಿನಲ್ಲೇ ಶುರು ಮಾಡಿದರು.

"ಎಂತ ಹೇಳ್ತೀಯಾ ಈಗ? ಗೆದ್ದದ್ದು ಯಾರು?"

"ನಡಿಗೆ. ಗುಳಿಗೆ."

"ಎಲೆ."

"ಎಲೆಗೆ ಪುರಾವೆ ಇಲ್ಲ."

"ಪುರಾವೆ ನಿನ್ನೆದುರು ನಿಂತಿದೆ, ಐದು ಅಡಿ ಆರು ಇಂಚು."

ಆ ದಿನ ಇಬ್ಬರೂ ಗೆದ್ದ ಮುಖ ಹೊತ್ತು ಮನೆಗೆ ಬಂದೆವು. ಮಾಮಿ ಸಕ್ಕರೆ ಇಲ್ಲದ ಪಾಯಸ ಮಾಡಿದ್ದರು. ಅದರ ರುಚಿಯ ಬಗ್ಗೆ ಚರ್ಚೆ ಬೇಡ.

ಮೊದಲ ಹತ್ತು ನೋಂಬು ಹೂವಿನ ಹಾಗೆ ಕಳೆದವು. ಹನ್ನೊಂದನೆಯದು ಶನಿವಾರ, ರಜೆ. ಮಧ್ಯಾಹ್ನ ನಾಲ್ಕೂವರೆ. ಮಾಮಿ ಅಡುಗೆಮನೆಯಲ್ಲಿ ಸಮೋಸಾದ ಹಾಳೆ ಮಡಚುತ್ತಿದ್ದರು. ನಾನು ಅಂಗಳಕ್ಕೆ ಹೋದಾಗ ಮಾಮ ಬಕೆಟ್ ಹಿಡಿದು ಗಿಡದ ಮುಂದೆ ನಿಂತಿದ್ದರು. ನೀರು ಗಿಡದ ಬುಡಕ್ಕಲ್ಲ, ಅವರ ಚಪ್ಪಲಿಯ ಮೇಲೆ ಬೀಳುತ್ತಿತ್ತು. ಫೆಬ್ರವರಿಯ ತಂಪಿನಲ್ಲಿ ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಮಾಮ?"

ಅವರು ತಿರುಗಿ ನನ್ನನ್ನು ನೋಡಿ, ನನ್ನ ಉಮ್ಮನ ಹೆಸರು ಕರೆದರು.

ಕೈ ಹಿಡಿದು ಒಳಗೆ ತಂದು ಸೋಫಾದಲ್ಲಿ ಕೂರಿಸಿದೆ. ಅವರ ಬೆರಳು ನಡುಗುತ್ತಿತ್ತು, ಬಿಗಿಯಾಗಿ ಹಿಡಿದು ಚುಚ್ಚಿದೆ. ಮೀಟರಿನಲ್ಲಿ ಅರವತ್ತೆರಡು.

"ಬಿಡಬೇಕು ಮಾಮ. ಈಗಲೇ."

"ಇನ್ನು ಎರಡು ಗಂಟೆ ಇಲ್ಲ ಮಾರಾಯ್ತಿ."

"ಐದು ನಿಮಿಷ ಇದ್ದರೂ ಎಂದಿದ್ದಾರೆ. ನೀವು ಒಪ್ಪಿದ್ದೀರಿ."

"ಮೀಟರಿಗೆ ತಲೆ ಕೆಟ್ಟಿದೆ."

ಇನ್ನೊಂದು ಬೆರಳು ಚುಚ್ಚಿದೆ. ಅರವತ್ತು. ಮಾಮಿ ಹಿಟ್ಟು ಮೆತ್ತಿದ ಕೈಯಲ್ಲೇ ಖರ್ಜೂರದ ಡಬ್ಬಿಯನ್ನೂ ಮಾವಿನ ಜ್ಯೂಸನ್ನೂ ತಂದು ನಿಂತರು. ಮಾಮ ತುಟಿ ಬಿಗಿದರು.

ನಾನು ನನ್ನ ಇಡೀ ತರಬೇತಿಯನ್ನು ಅವರ ಮುಂದೆ ಸುರಿದೆ. ಕಾಯಿಲೆಯವರಿಗೆ ವಿನಾಯಿತಿ ಇದೆ, ಬಿಟ್ಟ ನೋಂಬನ್ನು ಆಮೇಲೆ ಹಿಡಿಯಬಹುದು, ಇದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು ಎಂದೆ. ಡಾಕ್ಟರರ ಮಾತು ನೆನಪಿಸಿದೆ. ಬಿದ್ದು ತಲೆ ಒಡೆದುಕೊಂಡರೆ ನಾಳೆ ಪೊಟ್ಟಣ ಹಂಚುವವರು ಯಾರು ಎಂದು ಕೇಳಿದೆ. ಒಂದಕ್ಕೊಂದು ಕೊಂಡಿ ಹಾಕಿದ, ಯಾವ ತೀರ್ಪುಗಾರರೂ ತಲೆದೂಗುವಂಥ ವಾದ. ಮಾಮ ಕಣ್ಣು ಮುಚ್ಚಿಕೊಂಡು, "ಸುಳ್ಳು ಮೀಟರು. ಮೂವತ್ತೊಂದು ವರ್ಷ ಇಳಿಯದ್ದು ಇವತ್ತು ಎಂತಕ್ಕೆ ಇಳೀತದೆ? ಕಾರಣ ಹೇಳು ನೋಡುವ," ಎಂದರು. ಮಾತು ತೊದಲುತ್ತಿತ್ತು. ಬೆವರು ಗದ್ದದಿಂದ ಇಳಿಯುತ್ತಿತ್ತು.

ಕಾರಣ.

ಕಾರಣ ಅಂಗಳದಲ್ಲಿ ನನಗಿಂತ ಎತ್ತರಕ್ಕೆ ನಿಂತಿತ್ತು. ಈ ಹನ್ನೊಂದು ದಿನವೂ ಸಹರಿಯ ಹೊತ್ತಿಗೆ, ಬೆಳಕು ಹರಿಯುವ ಮುಂಚಿನ ಆ ಊಟದ ಕೊನೆಗೆ, ಮಾಮ ಅದನ್ನು ತೊಳೆಯದೆ, ಒಂಬತ್ತು ಎಲೆ ಅರೆದು ಕುಡಿದಿದ್ದರು. ಆಮೇಲೆ ಸಂಜೆಯವರೆಗೆ ಅನ್ನ ನೀರಿಲ್ಲ. ಒಂದು ವೇಳೆ ಆ ಎಲೆ ಏನಾದರೂ ಮಾಡುವುದೇ ನಿಜವಾದರೆ?

ನಾನು ನೆಲದ ಮೇಲೆ ಅವರ ಕಾಲ ಬಳಿ ಕುಳಿತೆ.

"ಮಾಮ, ನಾನು ಸೋತೆ."

ಒಂದು ಕಣ್ಣು ತೆರೆಯಿತು.

"ನಿಮ್ಮ ಎಲೆ ಕೆಲಸ ಮಾಡುತ್ತದೆ. ಗುಳಿಗೆಯೂ ಇಳಿಸಿತು, ಎಲೆಯೂ ಇಳಿಸಿತು, ಎರಡೂ ಸೇರಿ ಬೇಕಾದ್ದಕ್ಕಿಂತ ಜಾಸ್ತಿ ಇಳಿಸಿವೆ. ಮೀಟರು ಸುಳ್ಳು ಎಂದರೆ ನಿಮ್ಮ ಎಲೆಯೂ ಸುಳ್ಳು. ಮೀಟರು ನಿಜವಾದರೆ ಗೆದ್ದದ್ದು ನೀವು. ಯಾವುದು ಬೇಕು ಹೇಳಿ."

ಇನ್ನೊಂದು ಕಣ್ಣೂ ತೆರೆಯಿತು. ಮಾಮ ನನ್ನನ್ನು ನೋಡಿದರು, ಮೀಟರನ್ನು ನೋಡಿದರು, ಕಿಟಕಿಯ ಹೊರಗಿನ ಗಿಡವನ್ನು ನೋಡಿದರು. ನಡುಗುವ ತುಟಿಯ ಮೇಲೆ, ನಾನು ಹಿಂದೆಂದೂ ಕಾಣದಷ್ಟು ದೊಡ್ಡ ವಿಜಯದ ನಗು ನಿಧಾನವಾಗಿ ಬಂದು ಕುಳಿತಿತು.

"ಇನ್ನೊಮ್ಮೆ ಹೇಳು."

"ಸೋತೆ."

"ಬರೆದು ಕೊಡ್ತೀಯಾ?"

"ಮೊದಲು ತಿನ್ನಿ."

ಮಾಮ ಬಾಯಿ ತೆರೆದರು. ಖರ್ಜೂರವನ್ನು ನಾನೇ ಇಟ್ಟೆ. ಬಿಸ್ಮಿಲ್ಲಾ ಎನ್ನುವಾಗ ಅವರ ಕಣ್ಣಂಚಿನಲ್ಲಿ ನೀರಿತ್ತು, ಆದರೆ ನಗು ಹಾಗೇ ಇತ್ತು. ಎರಡು, ಮೂರು, ಅರ್ಧ ಲೋಟ ಜ್ಯೂಸು. ಅವರು ಅಗಿಯುತ್ತಿರುವಾಗಲೇ ಡಾಕ್ಟರಮ್ಮನಿಗೆ ಫೋನ್ ಮಾಡಿ, ಎಲೆಯ ವಿಷಯವನ್ನು ಬುಡದಿಂದ ತುದಿಯವರೆಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅವರು ಹಳಬರು, ಬಿಡಿ. ನೀವು ಓದಿದವರಲ್ಲವಾ? ಏನೂ ಇಲ್ಲ ಎಂದಿರಲ್ಲ," ಎಂದರು. ಹದಿನೈದು ನಿಮಿಷಕ್ಕೊಮ್ಮೆ ನೋಡಿ, ಎಲೆ ಇವತ್ತಿನಿಂದಲೇ ಬಂದ್, ನಾಳೆ ನೋಂಬು ಇಲ್ಲ, ಬೆಳಿಗ್ಗೆ ಇಬ್ಬರೂ ನನ್ನ ಮುಂದೆ ಇರಬೇಕು ಎಂದು ಫೋನಿಟ್ಟರು. ಕಾಲು ಗಂಟೆಗೆ ಎಂಬತ್ತೆಂಟು. ಅರ್ಧ ಗಂಟೆಗೆ ನೂರ ನಾಲ್ಕು. ಮಾಮ ಸೋಫಾದಲ್ಲಿ ನೆಟ್ಟಗೆ ಕುಳಿತು, "ಪೆನ್ನು ತಾ," ಎಂದರು.

ಮುಂದಿನದನ್ನೂ ಹೇಳಿಬಿಡುತ್ತೇನೆ. ಡಾಕ್ಟರಮ್ಮ ಗುಳಿಗೆ ಬದಲಿಸಿದರು. ಎರಡು ದಿನ ಬಿಟ್ಟು ಮಾಮ ಉಳಿದ ನೋಂಬುಗಳನ್ನು ಎಲೆಯಿಲ್ಲದೆ, ಮೀಟರು ಜೇಬಿನಲ್ಲಿಟ್ಟುಕೊಂಡು ಮುಗಿಸಿದರು. ಬಿಟ್ಟು ಹೋದದ್ದನ್ನು ಹಬ್ಬದ ನಂತರ ಹಿಡಿದು ತೀರಿಸಿದರು. ಬಿಟ್ಟ ದಿನವೂ ಗೇಟಿಗೆ ಹೋಗಿದ್ದರಂತೆ. ಪೊಟ್ಟಣವನ್ನು ತಾವು ಹಂಚದೆ ಮೂಸಾನ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತಿದ್ದರಂತೆ. ತೊಳೆಯದ ಒಂಬತ್ತು ಎಲೆಯ ಕತೆ ಕೇಳಿ ಮೂಸಾ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡು, "ನೈನ್, ಮುಝೀ? ನೈನ್?" ಎಂದನಂತೆ. ಕುಡಿಯುವುದು ನಿಂತಿದೆ. ಸಲಾಂ ನಿಂತಿಲ್ಲ. ಗಿಡದ ಕಾಂಡಕ್ಕೆ ನನ್ನ ಸೋಲುಪತ್ರ ಲ್ಯಾಮಿನೇಷನ್ ಆಗಿ ತೂಗುತ್ತಿದೆ.

ಆ ಪತ್ರವನ್ನು ಬರೆದದ್ದು ಅದೇ ಸಂಜೆ, ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿರುವಾಗ. ‘ಈ ಮೂಲಕ ಬರೆದುಕೊಡುವುದೇನೆಂದರೆ, ಮುಲುಲೂಜ ಎಂಬ ಗಿಡದ ವಿರುದ್ಧ ನಾನು ಎರಡು ವರ್ಷ ನಡೆಸಿದ ವಾದದಲ್ಲಿ ಸೋತಿದ್ದೇನೆ’ ಎಂದು ಮಾಮ ಹೇಳಿದಂತೆ ಬರೆದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಒಂದು ಮಧ್ಯಾಹ್ನದ ಎರಡು ಅಂಕಿ ಪೂರ್ತಿ ಪುರಾವೆಯಲ್ಲ, ಸಕ್ಕರೆ ಇಳಿಸಿದ್ದು ಗುಳಿಗೆಯೊಂದೇ ಆಗಿರಲೂಬಹುದು ಎಂದು ಸೇರಿಸಿದೆ. ಕನ್ನಡಕ ಏರಿಸಿ ಓದಿದ ಮಾಮ ಆ ಸಾಲನ್ನು ಹೊಡೆದು ಹಾಕಲಿಲ್ಲ. "ಇರಲಿ. ನಿನ್ನ ಕಹಿ ತೆಗೆದ್ರೆ ನೀನಲ್ಲ," ಎಂದರು.

ಸಹಿ ಹಾಕಲು ಬಗ್ಗಿದವಳಿಗೆ ಎದುರಿಗಿದ್ದ ಫ್ರಿಜ್ಜು ಕಂಡಿತು. ಬೆನ್ನು ಹಾಕಿ ನಿಂತ ಒಬ್ಬ ಗಂಡಸು, ಎತ್ತಿದ ಸ್ಟೀಲ್ ಲೋಟ. ‘ನಾನು ಸೋತೆ’ ಎಂದ ದನಿ. ಅದೇ ಮಾತನ್ನು, ಅದೇ ಹೊತ್ತಿಗೆ, ಅದೇ ಕಾರಣಕ್ಕೆ ನಾನೀಗ ಹೇಳಿ ಮುಗಿಸಿದ್ದೆ. ಹದಿನಾರು ವರ್ಷ ಊರಿಗೆಲ್ಲ ಪುರಾವೆ ಕೇಳಿಕೊಂಡು ತಿರುಗಿದವಳು, ನನ್ನ ಪರವಾಗಿದ್ದ ಒಂದು ಸಾಕ್ಷ್ಯವನ್ನು ಎಂದೂ ತಿರುಗಿಸಿ ನೋಡಿರಲಿಲ್ಲ. ಮೂವತ್ತೊಂದು ರಂಜಾನಿನಲ್ಲಿ ಒಂದೂ ಬಿಟ್ಟಿಲ್ಲ ಎಂದು ಅವರು ಕಾರಿನಲ್ಲಿ ಹೇಳಿದಾಗಲೂ ಲೆಕ್ಕ ಹಾಕಲಿಲ್ಲ.

"ಮಾಮ, ನಾನು ಎಂಟು ವರ್ಷದವಳಿದ್ದಾಗ ಫ್ರಿಜ್ಜಿನ ಹತ್ತಿರ ನಿಂತು ಕುಡಿದಿರಲ್ಲ. ಆ ಲೋಟದಲ್ಲಿ ನೀರಿತ್ತಾ?"

ಮಾಮ ಬಾಯಿಂದ ಖರ್ಜೂರದ ಬೀಜ ತೆಗೆದು, ನಿಧಾನವಾಗಿ ತಟ್ಟೆಯ ಅಂಚಿಗೆ ಇಟ್ಟರು.

"ನಿನ್ನದರಲ್ಲಿ ಇತ್ತಲ್ಲ," ಎಂದರು. "ಹಾಕು ಸಹಿ."